ತೇನ್ ಸಿಂಗ್ ಬಿನ್ ಲಕ್ಕಪ್ಪ

ಚಾಮರಾಜಪುರಂ ಕೋರ್ಟಿನ ಹತ್ತಿರ ನನ್ನದೊಂದು ಪುಟ್ಟ ಆಫೀಸಿದೆ. ಬೋರ್ಡಿನಲ್ಲಿ ವಕೀಲ ಅಂತಲೇ ಇದೆ, ಆದರೆ ಹೊಟ್ಟೆ ಹೊರೆಯುವುದು ವಾದದಿಂದಲ್ಲ, ಹೆಸರು ತಿದ್ದುವ ಕಾಗದಗಳಿಂದ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಂಡವರು ಬರುತ್ತಾರೆ. ಸಂಖ್ಯಾಶಾಸ್ತ್ರದವರ ಮಾತು ಕೇಳಿ ಒಂದು ‘ಹೆಚ್’ ಜಾಸ್ತಿ ಮಾಡಿಕೊಂಡವರು ಬರುತ್ತಾರೆ. ಆಧಾರಿನಲ್ಲಿ ಪುಟ್ಟಸ್ವಾಮಿ, ಪಹಣಿಯಲ್ಲಿ ಪುಟ್ಟಸಾಮಿ ಆಗಿ ಕೂತವರಂತೂ ವಾರಕ್ಕೆ ಇಬ್ಬರು ಗ್ಯಾರಂಟಿ. ಎಲ್ಲರ ಅಫಿಡವಿಟ್ಟೂ ಕೊನೆಗೆ ಬಂದು ನಿಲ್ಲುವುದು ಒಂದೇ ಸಾಲಿನ ಮೇಲೆ: ‘ಮೇಲ್ಕಂಡ ಎರಡೂ ಹೆಸರುಗಳು ಒಬ್ಬರೇ ವ್ಯಕ್ತಿಗೆ ಸೇರಿದವು.’ ಆಫೀಸುಗಳ ಬಾಯಲ್ಲಿ ಇದಕ್ಕೆ ‘ಒನ್ ಅಂಡ್ ದ ಸೇಮ್ ಪರ್ಸನ್’ ಅಫಿಡವಿಟ್ ಎಂದು ಹೆಸರು. ಸಾವಿರ ಸಲ ಟೈಪ್ ಮಾಡಿದ ಆ ಸಾಲು ಒಂದು ಪ್ರಕರಣದಲ್ಲಿ ಮಾತ್ರ ನನಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇಂಥ ಬರಹಗಳಲ್ಲಿ ಕಕ್ಷಿದಾರರ ಹೆಸರು ಬದಲಿಸುವುದು ವಾಡಿಕೆ. ಇಲ್ಲಿ ಅದರ ಅಗತ್ಯವಿಲ್ಲ. ಆಕೆಯ ಹೆಸರು ತೆನ್‌ಜಿನ್. ಟಿಬೆಟನ್ನರ ವಸತಿಯಾದ ಬೈಲಕುಪ್ಪೆಯ ಯಾವ ಕ್ಯಾಂಪಿನಲ್ಲಾದರೂ ನಿಂತು ‘ತೆನ್‌ಜಿನ್’ ಎಂದು ಕೂಗಿದರೆ ಹತ್ತು ಬಾಗಿಲು ತೆರೆಯುತ್ತವೆ, ಗಂಡಸರೂ ಹೊರಗೆ ಬರುತ್ತಾರೆ, ಹೆಂಗಸರೂ ಬರುತ್ತಾರೆ. ಎರಡನೆಯ ಹೆಸರನ್ನು ನಾನು ಹೇಳುವುದಿಲ್ಲ. ಆಕೆ ಮರೆಯಲ್ಲಿರಲು ಅಷ್ಟು ಸಾಕು.

ಮೇಜಿನ ಮೇಲೆ ಹರಡಿದ ಕಾಗದಗಳು

2023ರ ಜುಲೈ, ಜಿಟಿಜಿಟಿ ಮಳೆ. ಇಪ್ಪತ್ತೈದರ ಆಸುಪಾಸಿನ ಹುಡುಗಿ ಪ್ಲಾಸ್ಟಿಕ್ ಕವರಿನಿಂದ ಕಾಗದ ತೆಗೆದು ಮೇಜಿನ ಮೇಲೆ ಇಸ್ಪೀಟೆಲೆ ಹಾಗೆ ಸಾಲಾಗಿ ಇಟ್ಟಳು. ನಾನು ಮುಖ ನೋಡಿದವನೇ ‘ಕ್ಯಾ ಕಾಮ್ ಹೈ’ ಅಂದೆ. ‘ಪಿ.ಎಫ್. ದುಡ್ಡು ಬತ್ತಾ ಇಲ್ಲ ಸರ್, ಹೆಸರು ಮ್ಯಾಚ್ ಆಯ್ತಿಲ್ಲ ಅಂತಾವ್ರೆ’ ಅಂದಳು. ಅಪ್ಪಟ ಪಿರಿಯಾಪಟ್ಟಣದ ಕನ್ನಡ. ನಾನು ಅಲ್ಲಿಗೇ ಹಿಂದಿ ಬಿಟ್ಟೆ. ಹೇಗೂ ನನ್ನ ಹಿಂದಿ ಆ ಒಂದು ವಾಕ್ಯಕ್ಕೆ ಮುಗಿಯುತ್ತಿತ್ತು.

ಜನನ ಪ್ರಮಾಣಪತ್ರದಲ್ಲೂ ಆಧಾರಿನಲ್ಲೂ ತೆನ್‌ಜಿನ್, ಪಕ್ಕದಲ್ಲಿ ಎರಡನೆಯ ಹೆಸರು. ವೋಟರ್ ಕಾರ್ಡಿನಲ್ಲಿ ‘ಟೆಂಜಿನ್’. ಇದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಮಾತ್ರ ಎರಡು ಸಲ ಓದಿಕೊಂಡೆ. ವಿದ್ಯಾರ್ಥಿಯ ಹೆಸರು: ತೇನ್ ಸಿಂಗ್. ತಂದೆಯ ಹೆಸರು: ಲಕ್ಕಪ್ಪ. ಮೊದಲ ಕೆಲಸಕ್ಕೆ ಸೇರಿದಾಗ ಆ ಅಂಗಡಿಯವರು ಅಂಕಪಟ್ಟಿ ನೋಡಿಕೊಂಡೇ ಪಿ.ಎಫ್. ಖಾತೆ ತೆರೆದಿದ್ದರು. ಸಿಂಗ್ ಅಂದಮೇಲೆ ಇನ್ನೇನು ಎಂದುಕೊಂಡು ಲಿಂಗದ ಕಾಲಂನಲ್ಲಿ ‘ಪುರುಷ’ ಎಂದೂ ತುಂಬಿದ್ದರು.

ನಡೆದದ್ದು ಇಷ್ಟು. ಆಕೆಯ ಅಪ್ಪ ಮಗಳನ್ನು ಕ್ಯಾಂಪಿನ ಟಿಬೆಟನ್ ಶಾಲೆಗೆ ಹಾಕದೆ ಪಕ್ಕದ ಹಳ್ಳಿಯ ಸರ್ಕಾರಿ ಶಾಲೆಗೆ ಸೇರಿಸಿದ್ದರು. ಇಲ್ಲೇ ಬಾಳಬೇಕಾದವಳಿಗೆ ಕನ್ನಡ ಬೇಕು ಎಂಬುದು ಅವರ ಲೆಕ್ಕ. ದಾಖಲಾತಿಯ ದಿನ ಮೇಷ್ಟ್ರು ಹೆಸರು ಕೇಳಿದರು, ಅಪ್ಪ ಹೇಳಿದರು. ಮೇಷ್ಟ್ರಿಗೆ ಗೊತ್ತಿದ್ದ ತೆನ್‌ಜಿನ್ ಪ್ರಪಂಚದಲ್ಲಿ ಒಬ್ಬನೇ, 1953ರ ಮೇ 29ರಂದು ಹಿಲರಿ ಜೊತೆ ಎವರೆಸ್ಟ್ ಹತ್ತಿದವನು. ನಮ್ಮ ಕಡೆ ಅವನನ್ನು ಬರೆಯುತ್ತಿದ್ದುದೇ ತೇನ್‌ಸಿಂಗ್ ಎಂದು. ಹೈಸ್ಕೂಲು ಮುಗಿಯುವ ತನಕ ನಾನೂ ಅವನನ್ನು ಸರ್ದಾರ್ಜಿ ಎಂದೇ ತಿಳಿದಿದ್ದೆ, ಆದ್ದರಿಂದ ಆ ಮೇಷ್ಟ್ರನ್ನು ಬೈಯಲು ನನಗೆ ಬಾಯಿಲ್ಲ. ಇನ್ನೊಂದು ಮಜಾ ಎಂದರೆ, ಎವರೆಸ್ಟಿನ ಆ ತೆನ್‌ಜಿನ್‌ನ ಹುಟ್ಟುಹೆಸರೂ ಬೇರೆ, ನಾಮ್‌ಗ್ಯಾಲ್ ವಾಂಗ್ದಿ. ಲಾಮಾ ಒಬ್ಬರು ಹೇಳಿದರೆಂದು ಬದಲಿಸಿದ್ದು.

ಅಪ್ಪನ ನಿಜವಾದ ಹೆಸರು ಲಾಕ್ಪಾ. ಅಂದರೆ ಬುಧವಾರ. ಟಿಬೆಟನ್ನರಲ್ಲಿ ಹುಟ್ಟಿದ ವಾರವನ್ನೇ ಹೆಸರಾಗಿಡುವುದುಂಟು. ಸೋಮವಾರದವರು ದಾವಾ, ಭಾನುವಾರದವರು ನ್ಯಿಮಾ, ಶನಿವಾರದವರು ಪೆಂಬಾ. ನಾವೂ ಸೋಮಣ್ಣ, ಮಂಗಳಮ್ಮ, ರವಿ ಎಂದೆಲ್ಲ ಇಟ್ಟುಕೊಳ್ಳುತ್ತೇವೆ. ಆದರೆ ಶನಿವಾರ ಹುಟ್ಟಿದ ಕೂಸಿಗೆ ಶನಿ ಎಂದು ಹೆಸರಿಡುವ ಧೈರ್ಯ ಮೈಸೂರು ಸೀಮೆಯಲ್ಲಿ ಯಾರಿಗೂ ಇಲ್ಲ. ಆ ಲಾಕ್ಪಾನನ್ನು ಮೇಷ್ಟ್ರು ಲಕ್ಕಪ್ಪ ಎಂದು ಕೇಳಿಸಿಕೊಂಡರು. ಅಪ್ಪನಿಗೆ ಈ ಬಗ್ಗೆ ತಕರಾರೇ ಇಲ್ಲ. ಜೋಳದ ವ್ಯಾಪಾರಿಗೆ, ಟ್ರ್ಯಾಕ್ಟರಿನವನಿಗೆ, ಗೊಬ್ಬರದಂಗಡಿಯವನಿಗೆ ಅವರು ನಲವತ್ತು ವರ್ಷದಿಂದ ಲಕ್ಕಣ್ಣ. ತಕರಾರಿದ್ದದ್ದು ಮಗಳಿಗೆ.

‘ಅಪ್ಪಂಗೆ ಜನ ಪ್ರೀತಿಯಿಂದ ಇಟ್ಟದ್ದು ಸರ್. ನಂಗೆ ಗೊತ್ತಾಗ್ದೆ ಇಟ್ಟದ್ದು.’

ಹೆಸರಿನ ಹಿಂದಿನ ಊರು

1959ರಲ್ಲಿ ದಲೈ ಲಾಮಾ ಅವರ ಹಿಂದೆ ಹಿಮಾಲಯ ದಾಟಿ ಬಂದವರಿಗೆ ಆಗಿನ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. 1961ರಲ್ಲಿ ಲುಗ್‌ಸುಂಗ್ ಸಾಮ್ದುಪ್‌ಲಿಂಗ್ ಎಂಬ ಮೊದಲ ವಸತಿ ಎದ್ದಿತು. ಕಾಡು ಕಡಿದು, ಆನೆ ಕಾದು, ಮುಸುಕಿನ ಜೋಳ ಬೆಳೆದರು. ಚಳಿಗಾಲ ಬಂದರೆ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. 1969ರಲ್ಲಿ ಎರಡನೆಯ ವಸತಿ, ಡಿಕ್ಯಿ ಲಾರ್ಸೋ. ಲಕ್ಕಪ್ಪನವರು ಹುಟ್ಟಿದ್ದು ಅದೇ ವರ್ಷ, ಅಲ್ಲೇ.

ಆ ಇಸವಿಗೆ ಕಾನೂನಿನಲ್ಲಿ ತೂಕವಿದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಅದಾದ ಮೇಲೆ, 2004ರ ಡಿಸೆಂಬರ್ 3ರ ತನಕ ಹುಟ್ಟಿದವರಿಗೆ ಅಪ್ಪ ಅಮ್ಮಂದಿರಲ್ಲಿ ಒಬ್ಬರು ಭಾರತೀಯರಾಗಿದ್ದರೆ ಸಾಕು. ಟಿಬೆಟನ್ನರಿಗೂ ಇದೇ ಅನ್ವಯ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು, 2016ರಲ್ಲಿ ಮತ್ತೆ ಹೇಳಬೇಕಾಯಿತು. ಹಾಗಾಗಿ 1998ರಲ್ಲಿ ಹುಟ್ಟಿದ ನಮ್ಮ ತೆನ್‌ಜಿನ್ ನನ್ನಷ್ಟೇ ಭಾರತೀಯಳು. ಕಾಗದದ ಮೇಲೆ.

ಇನ್ನು ತೆನ್‌ಜಿನ್ ಎಂಬ ಹೆಸರು. ಧರ್ಮವನ್ನು ಎತ್ತಿ ಹಿಡಿದವರು ಎಂಬ ಅರ್ಥ. ಈಗಿನ ದಲೈ ಲಾಮಾ ಅವರ ಹೆಸರು ತೆನ್‌ಜಿನ್ ಗ್ಯಾತ್ಸೋ. ಅವರಿಂದ ಹೆಸರು ಬೇಡಿ ಪಡೆದ ಮಕ್ಕಳಿಗೆ ಅವರದೇ ಮೊದಲ ಹೆಸರು ಬರುತ್ತದೆ. ಹೀಗಾಗಿ ಮನೆಯ ಮೂವರು ಮಕ್ಕಳೂ ತೆನ್‌ಜಿನ್ ಆಗಿ, ಎರಡನೆಯ ಹೆಸರಿನಿಂದ ಗುರುತಾಗುವುದು ಸಾಮಾನ್ಯ. ಎರಡನೆಯದು ಮನೆತನದ ಹೆಸರಲ್ಲ, ಅದೂ ಇಟ್ಟ ಹೆಸರೇ. ಸರ್‌ನೇಮ್ ಕಾಲಂ ಎದುರು ಬೈಲಕುಪ್ಪೆಯವರೂ ಮಂಡ್ಯದವರೂ ಒಂದೇ ತರಹ ತಲೆ ಕೆರೆದುಕೊಳ್ಳುತ್ತಾರೆ. ನಮ್ಮಲ್ಲಿ ಇರುವುದು ಇನಿಶಿಯಲ್ಲು: ಊರಿನದೊಂದು, ಅಪ್ಪನದೊಂದು. ಪಾಸ್‌ಪೋರ್ಟಿಗೆ ಅದನ್ನು ಬಿಡಿಸಿ ಬರೆಸಿ, ಅಮೆರಿಕಕ್ಕೆ ಹೋಗಿ ‘ಮಿಸ್ಟರ್ ಹೊಸಹಳ್ಳಿ’ ಆದವರಿಗೆ ನಾನೇ ಕಾಗದ ಮಾಡಿಕೊಟ್ಟಿದ್ದೇನೆ.

ಇದನ್ನು ಹೇಳಿದಾಗ ಆಕೆ ಮೊದಲ ಸಲ ನಕ್ಕಳು. ನಮ್ಮಜ್ಜಿಗೆ ಮೂರು ಕೂಸು ಸತ್ತ ಮೇಲೆ ಹುಟ್ಟಿದವನನ್ನು ಮೊರದಲ್ಲಿಟ್ಟು ತಿಪ್ಪೆ ಮೇಲೆ ಹೊರಳಿಸಿ ತಿಪ್ಪ ಎಂದು ಕರೆದ ಕಥೆ ಹೇಳಿದೆ. ಕಸ ಎಂದುಕೊಂಡು ಸಾವು ಮುಟ್ಟದೆ ಹೋಗಲಿ ಎಂದು. ‘ನಮ್ಮಲ್ಲೂ ಐತೆ ಸರ್’ ಅಂದಳು. ಆಕೆಯ ತಾತನ ತಮ್ಮನ ಹೆಸರು ಕ್ಯಿಕ್ಯಾಕ್ ಅಂತೆ. ‘ಅಂದ್ರೆ ನಾಯಿ ಹೇಲು.’ ಕಾಫಿ ಕುಡಿಯುತ್ತಿದ್ದ ನನಗೆ ನೆತ್ತಿಗೆ ಹತ್ತಿತು.

ದೀಪಾ

ತೇನ್ ಸಿಂಗ್ ಬೇರೆಯಲ್ಲ, ತೆನ್‌ಜಿನ್ ಬೇರೆಯಲ್ಲ ಎಂಬ ಅಫಿಡವಿಟ್ಟು ಅರ್ಧ ಗಂಟೆಯ ಕೆಲಸ. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲೇ ತಪ್ಪಿದ್ದರಿಂದ ಅಂಕಪಟ್ಟಿಯನ್ನು ಬುಡದಿಂದ ತಿದ್ದಿಸುವುದು ದೂರದ ದಾರಿ, ಅದನ್ನು ಆಮೇಲೆ ನೋಡೋಣ ಅಂದೆ. ಆಕೆ ಎದ್ದು ಹೋಗಲಿಲ್ಲ.

‘ಒಟ್ಟಿಗೇ ಹೆಸರು ಬದಲಾಯಿಸ್ಬೋದಾ ಸರ್? ದೀಪಾ ಅಂತ.’

ಆಗ ಆಕೆ ಕೆಲಸಕ್ಕಿದ್ದದ್ದು ಮೈಸೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ, ಫೋನ್ ಡೆಸ್ಕಿನಲ್ಲಿ. ಮನೆಗೆ ಬಂದು ಸ್ಯಾಂಪಲ್ ತೆಗೆದುಕೊಳ್ಳುವ ಹೊತ್ತು ಗೊತ್ತುಮಾಡುವುದು, ರಿಪೋರ್ಟ್ ಬಂತೆಂದು ತಿಳಿಸುವುದು. ‘ನಾನು ತೆನ್‌ಜಿನ್ ಮಾತಾಡ್ತಿರೋದು’ ಅಂದರೆ ಆ ಕಡೆಯವರು ‘ಯಾರು?’ ಅನ್ನುತ್ತಾರೆ, ಮತ್ತೆ ಹೇಳಿದರೆ ‘ಯಾವ ಬ್ಯಾಂಕು?’ ಅನ್ನುತ್ತಾರೆ, ಮೂರನೆಯ ಸಲಕ್ಕೆ ಫೋನ್ ಇಡುತ್ತಾರೆ. ಮ್ಯಾನೇಜರು ಬೇಸತ್ತು ‘ದೀಪಾ ಅಂತ ಹೇಳಿಬಿಡಮ್ಮ’ ಎಂದರು. ಅಂದಿನಿಂದ ಕೆಲಸ ಸಲೀಸು. ಸಕ್ಕರೆ ಕಾಯಿಲೆಯ ಮುದುಕರು ದೀಪಾ ಹತ್ತಿರವೇ ಮಾತಾಡಬೇಕು ಅನ್ನುತ್ತಿದ್ದರು. ‘ನಿಮ್ ಮಾತು ನಮ್ ಪಿರಿಯಾಪಟ್ಟಣದ ಕಡೇದು ಕಣಮ್ಮ’ ಎಂದು ಗುರುತು ಹಿಡಿದವರೂ ಇದ್ದರು.

ಅಂಥವರಲ್ಲಿ ಒಬ್ಬರು ಒಂದು ದಿನ ಲ್ಯಾಬಿಗೇ ಬಂದರು. ಕೈಯಲ್ಲಿ ತೋಟದ ನಾಲ್ಕು ಸೀಬೆಹಣ್ಣು. ಕೌಂಟರಿನಲ್ಲಿ ಇವಳನ್ನು ನೋಡಿ ‘ದೀಪಾನ ಕರೀರಮ್ಮ’ ಅಂದರು. ‘ನಾನೇ ಸರ್’ ಅಂದಳು. ‘ನೀವಲ್ಲ ಕಣಮ್ಮ, ಫೋನಲ್ಲಿ ಮಾತಾಡ್ತಾರಲ್ಲ, ಆ ದೀಪಾ.’ ಅವರು ಆ ಕಡೆ ಈ ಕಡೆ ನೋಡಿ, ಹಣ್ಣನ್ನು ‘ಅವ್ರು ಬಂದ್ರೆ ಕೊಡಿ’ ಎಂದು ಕೌಂಟರಿನ ಮೇಲಿಟ್ಟು ಹೋದರು. ಆಕೆ ಇದನ್ನು ತಮಾಷೆಯ ಕಥೆಯಾಗಿಯೇ ಹೇಳಿದಳು, ನಾನೂ ಹಾಗೆಯೇ ಕೇಳಿಸಿಕೊಂಡೆ.

ಹೆಸರು ಬದಲಾವಣೆಗೆ ನಾನು ತಕ್ಷಣ ಒಪ್ಪಿದೆ. ಅಫಿಡವಿಟ್, ಪತ್ರಿಕೆ ಪ್ರಕಟಣೆ, ಗೆಜೆಟ್ಟು, ದೊಡ್ಡ ವಿಷಯವಲ್ಲ. ಊರಿಗೇ 2014ರ ನವೆಂಬರ್ 1ರಂದು ಮೈಸೂರ್ ಹೋಗಿ ಮೈಸೂರು ಬಂದಿರುವಾಗ ಮನುಷ್ಯರದ್ದೇನು? ಆದರೆ ನನ್ನ ಉತ್ಸಾಹಕ್ಕೆ ಬೇರೆ ಕಾರಣವಿತ್ತು, ಅದನ್ನು ಹೇಳದಿದ್ದರೆ ಈ ಪ್ರಕರಣ ಪೂರ್ತಿಯಾಗುವುದಿಲ್ಲ.

ನಮ್ಮಪ್ಪನದು ನಾಗಮಂಗಲದ ಕಡೆಯ ಹಳ್ಳಿ. ಶಾಲೆಗೆ ಸೇರಿದ ದಿನ ಇವರ ಜೊತೆ ಇನ್ನೊಬ್ಬ ಹುಡುಗನೂ ಸೇರಿದ. ಇಬ್ಬರೂ ಕಪ್ಪು, ಇಬ್ಬರನ್ನೂ ಮನೆಯಲ್ಲಿ ಕರೆಯುತ್ತಿದ್ದುದು ಕರಿಯ ಎಂದೇ. ರಿಜಿಸ್ಟರಿನಲ್ಲಿ ಊರೊಳಗಿನವನು ಕರಿಗೌಡನಾದ. ಊರಾಚೆಯ ನಮ್ಮಪ್ಪ ಕರಿಯನಾಗಿಯೇ ಉಳಿದರು. ಗೌಡ, ಅಪ್ಪ, ಅಯ್ಯ, ಏನೊಂದೂ ಅಂಟಲಿಲ್ಲ. ನಮ್ಮ ಸೀಮೆಯಲ್ಲಿ ಜಾತಿ ಹೆಸರಿನಲ್ಲಿರುವುದಿಲ್ಲ ಎಂದು ಹೇಳುವವರಿಗೆ ನಾನು ಈ ಎರಡು ಸಾಲು ತೋರಿಸುತ್ತೇನೆ. ಅದು ಹೆಸರಿನ ಬಾಲದಲ್ಲಿರುತ್ತದೆ, ಕೆಲವು ಸಲ ಬಾಲವಿಲ್ಲದ್ದರಲ್ಲಿರುತ್ತದೆ. ಮೈಸೂರಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿದ ಮೇಲೆ ಅಪ್ಪ ರವಿಕುಮಾರ್ ಆದರು. ಸರಸ್ವತಿಪುರಂನಲ್ಲಿ ಬಾಡಿಗೆ ಮನೆ ಹಿಡಿದರು. ಹನ್ನೊಂದು ವರ್ಷ ಯಾರೂ ಏನೂ ಕೇಳಲಿಲ್ಲ. ಹನ್ನೊಂದನೆಯ ವರ್ಷ ಊರಿನಿಂದ ಬಂದ ನಮ್ಮ ದೊಡ್ಡಪ್ಪ ಗೇಟಿನ ಹೊರಗೆ ನಿಂತು, ಎಲ್ಲರಿಗೂ ಕೇಳುವ ಹಾಗೆ ‘ಲೇ ಕರಿಯಾ’ ಎಂದು ಕೂಗಿದರು. ಮುಂದಿನ ತಿಂಗಳು ಓನರ ಮಗ ಬೊಂಬಾಯಿಯಿಂದ ಬರುವವನಾದ, ನಾವು ಮನೆ ಖಾಲಿ ಮಾಡಿದೆವು.

ಕಥೆಯ ಕೊನೆ ಕೆಟ್ಟದ್ದು, ನಿಜ. ಆದರೆ ನಾನು ಯಾವಾಗಲೂ ಎಣಿಸುತ್ತಿದ್ದದ್ದು ಆ ಹನ್ನೊಂದು ವರ್ಷವನ್ನು. ಹೆಸರು ಬದಲಿಸಿದರೆ ಕೆಲಸ ನಡೆಯುತ್ತದೆ ಎಂಬುದು ನನಗೆ ಮನೆಯಲ್ಲೇ ಸಿಕ್ಕಿದ ಸಾಕ್ಷಿ. ದೀಪಾ ಹೆಸರಿನ ಕರಡು ಅವತ್ತೇ ತಯಾರಾಯಿತು. ಓದಿ ನೋಡಿ ಎಂದು ಪ್ರಿಂಟ್ ಕೊಟ್ಟು ಕಳಿಸಿದೆ.

ಗೇಟಿನ ಹತ್ತಿರ

ಹದಿನೈದು ದಿನ ಬಿಟ್ಟು ಬಂದಳು. ಕರಡಿನಲ್ಲಿ ‘ದೀಪಾ’ ಎಂದಿದ್ದ ಕಡೆಯೆಲ್ಲ ಬಾಲ್‌ಪೆನ್ನಿನಲ್ಲಿ ಅಡ್ಡಗೆರೆ. ಒಟ್ಟು ಏಳು ಕಡೆ. ಒಂದೆರಡು ಕಡೆ ಕಾಗದ ಹರಿಯುವಷ್ಟು ಒತ್ತಿ ಎಳೆದಿದ್ದಳು.

ಪಿ.ಜಿ. ಬಿಟ್ಟು ಗೆಳತಿಯೊಬ್ಬಳ ಜೊತೆ ಸಣ್ಣ ಮನೆ ಹಿಡಿಯೋಣ ಎಂದು ಕುವೆಂಪುನಗರದ ಒಂದು ಟು-ಲೆಟ್ ಬೋರ್ಡಿನ ನಂಬರಿಗೆ ಫೋನ್ ಮಾಡಿದ್ದಾಳೆ. ದೀಪಾ ಅಂದಿದ್ದಾಳೆ, ಬಾಯಿಗೆ ಅದೇ ರೂಢಿಯಾಗಿತ್ತು. ಮನೆಯಾಕೆ ಯಾವ ಕಡೆಯವರು ಎಂದಿದ್ದಾರೆ. ಪಿರಿಯಾಪಟ್ಟಣ. ‘ಗೌಡ್ರಾ?’ ಎಂದಿದ್ದಾರೆ. ‘ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ ಸರ್. ಸುಮ್ನಾದೆ.’ ಬಾಡಿಗೆ, ಅಡ್ವಾನ್ಸು, ನೀರಿನ ಹೊತ್ತು ಎಲ್ಲ ಮಾತಾಗಿ, ಸಂಜೆ ಬನ್ನಿ ಎಂದಿದ್ದಾರೆ.

ಸಂಜೆ ಆಕೆ ಗೇಟು ತೆಗೆದಳು. ಮನೆಯಾಕೆ ತುಳಸಿಕಟ್ಟೆ ಹತ್ತಿರ ನಿಂತಿದ್ದರು.

‘ಯಾರು ಬೇಕಿತ್ತು?’

‘ದೀಪಾ ಆಂಟಿ. ಬೆಳಿಗ್ಗೆ ಫೋನ್ ಮಾಡಿದ್ದೆ.’

ಆ ಹೆಂಗಸು ಸ್ವಲ್ಪ ಹೊತ್ತು ಮುಖ ನೋಡಿದರಂತೆ. ಆಮೇಲೆ, ಸಿಟ್ಟಿನಿಂದಲ್ಲ, ಮೋಸಹೋದವರ ದನಿಯಲ್ಲಿ, ‘ನೀವು ದೀಪಾ ಅಂದ್ರಲ್ಲಮ್ಮ?’ ಎಂದರಂತೆ. ವೀಸಾ ಇದೆಯಾ ಎಂದು ಕೇಳಿದರಂತೆ. ವೋಟರ್ ಕಾರ್ಡ್ ತೆಗೆದು ತೋರಿಸಿದರೆ ಅದರಲ್ಲಿ ಟೆಂಜಿನ್.

‘ತೆನ್‌ಜಿನ್ ಅಂದ್ರೆ ನಾನು ಹೊರಗ್ನೋಳು ಸರ್, ಸರಿ. ಅದು ಅಭ್ಯಾಸ ಆಗೈತೆ. ದೀಪಾ ಅಂದ್ರೆ ಸುಳ್ಳಿ ಆಯ್ತೀನಿ. ಆವಮ್ಮ ಮನೆ ಇಲ್ಲ ಅಂದದ್ದು ತಪ್ಪು. ಆದ್ರೆ ಅವತ್ತು ತಪ್ಪು ಮಾಡ್ದೋಳ ತರ ತಲೆ ತಗ್ಗಿಸ್ಕೊಂಡು ಬಂದೋಳು ನಾನು.’

ನಾನು ನಮ್ಮಪ್ಪನ ಕಥೆ ಹೇಳಿದೆ. ಆಕೆ ಪೂರ್ತಿ ಕೇಳಿದಳು. ‘ನಿಮ್ಮಪ್ಪ ಗೇಟ್ ತೆಗೆದಾಗ ಯಾರೂ ಮುಖ ನೋಡಿ ಏನೂ ಅನ್ಲಿಲ್ವಲ್ಲ ಸರ್. ನಿಮ್ ದೊಡ್ಡಪ್ಪ ಬರ್ಬೇಕಾಯ್ತು. ನಂಗೆ ದೊಡ್ಡಪ್ಪ ಬೇಕಿಲ್ಲ’ ಅಂದಳು.

ವರ್ಷಗಟ್ಟಲೆ ಹೆಸರು ತಿದ್ದುವ ಕಸುಬು ಮಾಡಿಯೂ ನನಗೆ ಹೊಳೆಯದೆ ಇದ್ದದ್ದು ಇದು. ಹೆಸರಿನ ತಾರತಮ್ಯ ಎಂದಾಗ ನಾವು ಎತ್ತಿ ತೋರಿಸುವುದೆಲ್ಲ ಕಾಗದದ ಲೋಕವನ್ನು. ಅಮೆರಿಕದ ಬಾಸ್ಟನ್ ಮತ್ತು ಶಿಕಾಗೊ ಪತ್ರಿಕೆಗಳ ಜಾಹೀರಾತಿಗೆ ಒಂದೇ ಬಗೆಯ ಅರ್ಜಿ ಕಳಿಸಿ, ಹೆಸರು ಮಾತ್ರ ಬೇರೆ ಮಾಡಿ ನೋಡಿದ ಪ್ರಯೋಗದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು: ಬಿಳಿಯರದ್ದೆನಿಸುವ ಹೆಸರಿಗೆ ಹತ್ತು ಅರ್ಜಿಗೊಂದು ಕರೆ, ಕರಿಯರದ್ದೆನಿಸುವ ಹೆಸರಿಗೆ ಹದಿನೈದಕ್ಕೊಂದು. ನಮ್ಮಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಂಥದೇ ಅಧ್ಯಯನದಲ್ಲಿ, ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಇವೆರಡನ್ನೂ ನಾನು ಓದಿದ್ದೆ, ಭಾಷಣಗಳಲ್ಲಿ ಬಳಸಿಯೂ ಇದ್ದೆ. ಎರಡರಲ್ಲೂ ಗೇಟಿಲ್ಲ, ತುಳಸಿಕಟ್ಟೆಯಿಲ್ಲ. ಅರ್ಜಿಗೆ ಮುಖವಿಲ್ಲದೆ ಇರುವಾಗ ಹೆಸರೇ ಮುಖ. ಮುಖ ಎದುರಿಗೆ ಬಂದಾಗ ಹೆಸರು ಏನಾಗುತ್ತದೆ ಎಂಬುದನ್ನು ಅವು ಕೇಳುವುದಿಲ್ಲ.

2020ರ ಮಾರ್ಚ್‌ನಲ್ಲಿ ಇದೇ ಮೈಸೂರಿನ ಸೂಪರ್ ಮಾರ್ಕೆಟ್ಟೊಂದರಲ್ಲಿ ನಾಗಾಲ್ಯಾಂಡಿನ ಇಬ್ಬರು ಯುವಕರನ್ನು ವಿದೇಶಿಯರೆಂದು ಒಳಗೆ ಬಿಡಲಿಲ್ಲ. ಅವರು ಆಧಾರ್ ತೋರಿಸಿದರು. ಹೆಸರಿತ್ತು, ಊರಿತ್ತು, ಮೂರು ಸಿಂಹವೂ ಇತ್ತು. ಸಾಲಲಿಲ್ಲ. 2012ರ ಆಗಸ್ಟಿನಲ್ಲಿ ಈಶಾನ್ಯದವರ ಮೇಲೆ ದಾಳಿಯ ವದಂತಿ ಹಬ್ಬಿ ಬೆಂಗಳೂರಿನಿಂದ ಸಾವಿರಾರು ಜನ ರೈಲು ಹತ್ತಿದ್ದು ಎಲ್ಲರಿಗೂ ನೆನಪಿದೆ. ಅದೇ ದಿನಗಳಲ್ಲಿ ಮೈಸೂರಿನಲ್ಲಿ ಒಬ್ಬ ಟಿಬೆಟನ್ ವಿದ್ಯಾರ್ಥಿಗೆ ಚಾಕು ಹಾಕಿದ್ದು ಬೈಲಕುಪ್ಪೆಯವರಿಗೆ ಮಾತ್ರ ನೆನಪಿದೆ. ಆಗ ಆಕೆಗೆ ಹದಿನಾಲ್ಕು. ಆ ವರ್ಷ ಚಳಿಗಾಲ ಬಂದರೂ ಅಮ್ಮ ಸ್ವೆಟರ್ ಗಂಟು ಬಿಚ್ಚಲಿಲ್ಲವಂತೆ. ಈಶಾನ್ಯದವರ ತೊಂದರೆಗಳ ಬಗ್ಗೆ 2014ರಲ್ಲಿ ವರದಿ ಕೊಟ್ಟ ಬೇಜ್‌ಬರೂವಾ ಸಮಿತಿ, ಜನಾಂಗೀಯ ಬೈಗುಳಗಳನ್ನು ಶಿಕ್ಷಾರ್ಹ ಮಾಡಬೇಕೆಂದಿತು. ‘ಚಿಂಕಿ’ ಎಂದು ಕರೆದವನ ಮೇಲೆ ಕೇಸು ಹಾಕಬಹುದೇನೋ. ‘ನೀವು ದೀಪಾ ಅಂದ್ರಲ್ಲಮ್ಮ’ ಎಂಬುದನ್ನು ಯಾವ ಕಲಮಿನಡಿ ತರುವುದು ಎಂದು ನನಗೆ ತಿಳಿಯದು.

ಫೈಲಿನ ಕೊನೆಯ ಹಾಳೆ

ತೇನ್ ಸಿಂಗ್ ಅಫಿಡವಿಟ್ಟಿಗೆ ನೋಟರಿ ಸೀಲು ಬಿತ್ತು. ‘ತೇನ್ ಸಿಂಗ್ ಮತ್ತು ತೆನ್‌ಜಿನ್ ಎಂಬ ಎರಡೂ ಹೆಸರುಗಳು ನನ್ನವೇ ಆಗಿದ್ದು’ ಎಂಬಲ್ಲಿಗೆ ಬಂದಾಗ ಆಕೆ ತಡೆದು, ‘ನನ್ನವೇ ಬ್ಯಾಡ ಸರ್, ನನಗೆ ಸೇರಿದವು ಅಂತ ಹಾಕಿ’ ಅಂದಳು. ವ್ಯತ್ಯಾಸ ಕಾನೂನಿಗೆ ಇಲ್ಲ. ಹಾಕಿದೆ. ಅಪ್ಪನ ಲಕ್ಕಪ್ಪ ಎಂಬ ಹೆಸರನ್ನು ತಿದ್ದುವುದು ಬೇಡ ಎಂದಳು, ಅವರೇ ಬೇಡ ಅಂದಿದ್ದರಂತೆ. ಲ್ಯಾಬಿನ ಫೋನಿನಲ್ಲಿ ಈಗ ಹೆಸರನ್ನೇ ಹೇಳದೆ ‘ಲ್ಯಾಬಿಂದ ಮಾತಾಡ್ತಿರೋದು’ ಅನ್ನುತ್ತಾಳೆ. ಪಿ.ಎಫ್. ಹಣ ಬರಲು ಮತ್ತೆ ಎರಡು ತಿಂಗಳು ಹಿಡಿಯಿತು, ಆ ಲಿಂಗದ ಕಾಲಂ ದೆಸೆಯಿಂದ. ಮನೆ ಸಿಕ್ಕಿತು, ಬೇರೆ ಬಡಾವಣೆಯಲ್ಲಿ, ಸಾವಿರ ರೂಪಾಯಿ ಜಾಸ್ತಿಗೆ.

ಸೀಲು ಹಾಕಿಸಿದ ದಿನ ಸ್ಕ್ಯಾನ್ ಮಾಡಿದ್ದನ್ನು ವಾಟ್ಸಾಪಿನಲ್ಲಿ ಕಳಿಸುತ್ತೇನೆ, ಒಂದು ಮಿಸ್ ಕಾಲ್ ಕೊಡಿ ಅಂದೆ. ಎದುರಿಗೇ ಕೂತು ಕೊಟ್ಟಳು. ಮೇಜಿನ ಮೇಲಿದ್ದ ನನ್ನ ಫೋನು ಬೆಳಗಿ, ನಡುಗುತ್ತಾ ಅವಳ ಕಡೆಗೇ ಸರಿಯಿತು. ಪರದೆಯ ಮೇಲೆ, ಮೊದಲ ದಿನ ಅವಸರದಲ್ಲಿ ನಾನೇ ಸೇವ್ ಮಾಡಿಕೊಂಡಿದ್ದ ಹೆಸರು: ‘ಟಿಬೆಟ್ ಹುಡುಗಿ ಅಫಿಡವಿಟ್’.

ಇಬ್ಬರೂ ನೋಡಿದೆವು. ಆಕೆ ಕಾಲ್ ಕಟ್ ಮಾಡಿ, ಕಾಗದಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಎದ್ದಳು.

‘ಸ್ಪೆಲಿಂಗ್ ಸರಿಯಾಗೈತೆ ಸರ್’ ಅಂದಳು.